ದೊಡ್ಡ ಕಂಪನಿಯ ಸಾಲ, ವಾಯಿದೆಯ ತಾರೀಕು

ರೈಸ್ ಮಿಲ್ ನಡೆಸುವ ನಮ್ಮ ಸೋದರಮಾವನಿಗೆ ಪೇಪರಿನಲ್ಲಿ ಎರಡೇ ವಿಷಯ ಬೇಕು. ಒಂದು ಎಪಿಎಂಸಿ ಧಾರಣೆ, ಇನ್ನೊಂದು ಷೇರು ಪೇಟೆ. ಮೊನ್ನೆ ಯಾವುದೋ ದೊಡ್ಡ ಕಂಪನಿಯ ಸಾಲದ ಮೊತ್ತ ಓದಿ ನನಗೆ ಫೋನ್ ಮಾಡಿದರು. "ಅಲ್ಲಮ್ಮಾ, ಎಪ್ಪತ್ತು ಸಾವಿರ ಕೋಟಿ ಸಾಲ ಐತಂತೆ. ನನ್ನ ಸಿಸಿ ಲಿಮಿಟ್ ಮೂರು ಕೋಟಿ. ಅಷ್ಟಕ್ಕೇ ನನಗೆ ರಾತ್ರಿ ನಿದ್ದೆ ಬರಲ್ಲ. ಅವರು ಹೆಂಗೆ ತೀರಿಸ್ತಾರೆ ಅದನ್ನ?" ಸಿಸಿ ಅಂದರೆ ಕ್ಯಾಷ್ ಕ್ರೆಡಿಟ್, ಬ್ಯಾಂಕ್ ಗೊತ್ತು ಮಾಡಿದ ಮಿತಿಯೊಳಗೆ ಬೇಕಾದಾಗ ಎತ್ತಿ, ಹಣ ಬಂದಾಗ ಕಟ್ಟುವ ಸಾಲ.

"ತೀರಿಸಲ್ಲ ಮಾವ" ಅಂದೆ. ನಕ್ಕರು. ನಾನು ತಮಾಷೆ ಮಾಡಿರಲಿಲ್ಲ.

ದಾವಣಗೆರೆಗೆ ವಾಪಸ್ ಬರುವ ಮೊದಲು ಬೆಂಗಳೂರಿನಲ್ಲಿ ಒಂದು ದೊಡ್ಡ ಕಂಪನಿಯ ಟ್ರೆಷರಿ ವಿಭಾಗದಲ್ಲಿದ್ದೆ, ಅಂದರೆ ಕಂಪನಿಯ ಹಣ, ಸಾಲ ಹೊಂದಿಸುವ ಕಡೆ. ಹೆಸರು ಬೇಡ. ಈಗ ಮಂಡಿಪೇಟೆಯಲ್ಲಿ ಅಂಗಡಿಯೊಂದರ ಮೇಲೆ ನನ್ನದೇ ಸಣ್ಣ ಆಫೀಸು. ರೈಸ್ ಮಿಲ್‌ಗಳು, ಮೆಕ್ಕೆಜೋಳದ ವ್ಯಾಪಾರಿಗಳು, ಹರಿಹರದ ಲೇತ್ ಶಾಪ್‌ಗಳ ಬ್ಯಾಂಕ್ ಫೈಲು, ಜಿಎಸ್‌ಟಿ ನೋಡಿಕೊಳ್ಳುತ್ತೇನೆ. ಮೂರು ಕೋಟಿ ಸಾಲದ ಫೈಲನ್ನೂ ಮೂರು ಸಾವಿರ ಕೋಟಿ ಸಾಲದ ಫೈಲನ್ನೂ ಕೈಯಲ್ಲಿ ಹಿಡಿದಿದ್ದೇನೆ. ಮೂರು ಕೋಟಿಯದ್ದೇ ದಪ್ಪ ಇರುತ್ತದೆ.

ಮಾವನಿಗೆ ತಿರುಗಿ ಒಂದು ಪ್ರಶ್ನೆ ಕೇಳಿದೆ. ನಿಮ್ಮ ಸಿಸಿ ಖಾತೆ ಯಾವತ್ತಾದರೂ ಸೊನ್ನೆಗೆ ಬಂದಿದೆಯಾ? ಇಲ್ಲ. ಸುಗ್ಗಿಯಲ್ಲಿ ಭತ್ತ ಕೊಂಡಾಗ ಲಿಮಿಟ್ ಮುಟ್ಟುತ್ತದೆ. ಅಕ್ಕಿ ಹೋದ ಮೇಲೆ ಸ್ವಲ್ಪ ಇಳಿಯುತ್ತದೆ. ವರ್ಷಕ್ಕೊಮ್ಮೆ ಬ್ಯಾಂಕಿನವರು ರಿನ್ಯೂವಲ್ ಮಾಡುತ್ತಾರೆ. ಅವರ ತಂದೆಯ ಕಾಲದಿಂದಲೂ ಹಾಗೇ ನಡೆದಿದೆ. ದೊಡ್ಡ ಕಂಪನಿ ಮಾಡುವುದೂ ಇದನ್ನೇ. ಒಂದು ಸಾಲದ ವಾಯಿದೆ ಬಂದಾಗ ಇನ್ನೊಂದು ಸಾಲ ಎತ್ತಿ ಅದನ್ನು ಮುಗಿಸುತ್ತದೆ. ವ್ಯಾಪಾರ ಬೆಳೆದರೆ ಸಾಲವೂ ಬೆಳೆಯುತ್ತದೆ. ಒಟ್ಟು ಮೊತ್ತ ನೋಡಿ ಹೆದರುವುದರಲ್ಲಿ ಅರ್ಥ ಇಲ್ಲ. ಯಾವ ತಾರೀಕಿಗೆ ಎಷ್ಟು ಕೊಡಬೇಕು, ಆ ದಿನ ಹೊಸ ಸಾಲ ಕೊಡುವವರು ಇರುತ್ತಾರಾ, ಅದನ್ನು ನೋಡಬೇಕು.

ಟ್ರೆಷರಿಯಲ್ಲಿ ನನ್ನ ದಿನ ಶುರುವಾಗುತ್ತಿದ್ದದ್ದು ಫಂಡ್ ಪೊಸಿಷನ್ ಹಾಳೆಯಿಂದ. ಯಾವ ಬ್ಯಾಂಕಿನಲ್ಲಿ ಎಷ್ಟಿದೆ, ಇವತ್ತು ಎಷ್ಟು ಬರುತ್ತದೆ, ಎಷ್ಟು ಹೋಗುತ್ತದೆ. 20ನೇ ತಾರೀಕು ಜಿಎಸ್‌ಟಿ. ಜೂನ್, ಸೆಪ್ಟೆಂಬರ್, ಡಿಸೆಂಬರ್, ಮಾರ್ಚ್ 15ಕ್ಕೆ ಮುಂಗಡ ತೆರಿಗೆ. ತಿಂಗಳ ಕೊನೆಗೆ ಸಂಬಳ. ಮಿಕ್ಕಿದ್ದು ಮಧ್ಯಾಹ್ನದೊಳಗೆ ಲಿಕ್ವಿಡ್ ಫಂಡಿಗೆ, ಅಂದರೆ ಬೇಕಾದಾಗ ಬೇಗ ವಾಪಸ್ ಸಿಗುವ ಮ್ಯೂಚುವಲ್ ಫಂಡಿಗೆ ಹೋಗಬೇಕು. ಕಡಿಮೆ ಬಿದ್ದರೆ ಬ್ಯಾಂಕಿನಿಂದ ಒಂದು ವಾರಕ್ಕೋ ತಿಂಗಳಿಗೋ ಸಾಲ ಎತ್ತಬೇಕು. ಕರೆಂಟ್ ಅಕೌಂಟಿಗೆ ಬಡ್ಡಿ ಇಲ್ಲ ಅಲ್ವಾ? ನೂರು ಕೋಟಿ ಒಂದೇ ಒಂದು ದಿನ ಅಲ್ಲಿ ಸುಮ್ನೆ ಬಿದ್ದಿದ್ದರೆ, ಶೇ 7ರ ಲೆಕ್ಕದಲ್ಲಿ 1.9 ಲಕ್ಷ ಹೋದ ಹಾಗೆ. ಆಗಿನ ನನ್ನ ತಿಂಗಳ ಸಂಬಳ ಅದಕ್ಕಿಂತ ಕಡಿಮೆ. ಹಾಗಾಗಿ ಆ ಹಾಳೆಗೆ ನಾನು ಬಹಳ ಮರ್ಯಾದೆ ಕೊಡುತ್ತಿದ್ದೆ.

ಸಾಲದ ಬಗೆಗಳನ್ನು ಬೇಗ ಹೇಳಿಬಿಡುತ್ತೇನೆ. ದಿನನಿತ್ಯದ ವ್ಯವಹಾರಕ್ಕೆ ಬ್ಯಾಂಕಿನ ವರ್ಕಿಂಗ್ ಕ್ಯಾಪಿಟಲ್. ಇದರಲ್ಲೂ ದೊಡ್ಡವರಿಗೆ ಬೇರೆ ನಿಯಮ ಇದೆ. 150 ಕೋಟಿ ಮೇಲೆ ಲಿಮಿಟ್ ಇದ್ದರೆ ಶೇ 60 ಭಾಗವನ್ನು ಗಡುವು ಇರುವ ಸಾಲವಾಗಿಯೇ ತೆಗೆದುಕೊಳ್ಳಬೇಕು, ಪೂರ್ತಿ ಸಿಸಿಯಲ್ಲೇ ಓಡಿಸುವ ಹಾಗಿಲ್ಲ ಅಂತ ರಿಸರ್ವ್ ಬ್ಯಾಂಕ್ 2019ರಿಂದ ಜಾರಿಗೆ ತಂದಿತು. ಆಮೇಲೆ ಕಮರ್ಷಿಯಲ್ ಪೇಪರ್. ಸಿಪಿ ಅನ್ನುತ್ತಾರೆ. 7 ದಿನದಿಂದ ಒಂದು ವರ್ಷದವರೆಗೆ, ಯಾವ ಅಡಮಾನವೂ ಇಲ್ಲದೆ, ಬರೀ ಹೆಸರಿನ ಮೇಲೆ ತರುವ ಕೈಗಡ. ಕೊಳ್ಳುವವರು ಹೆಚ್ಚಾಗಿ ಮ್ಯೂಚುವಲ್ ಫಂಡ್‌ಗಳು ಮತ್ತು ಬ್ಯಾಂಕುಗಳು. ಒಳ್ಳೆ ರೇಟಿಂಗ್, ಅಂದರೆ ಸಾಲ ತೀರಿಸುವ ಶಕ್ತಿಗೆ ರೇಟಿಂಗ್ ಸಂಸ್ಥೆಗಳು ಕೊಡುವ ದರ್ಜೆ, ಇದ್ದವರಿಗೆ ಇದೇ ಅಗ್ಗ. ಕಾರ್ಖಾನೆ ಕಟ್ಟಲು ಕೆಲವು ವರ್ಷಗಳಲ್ಲಿ ತೀರಿಸುವ ಟರ್ಮ್ ಲೋನ್, ಅಥವಾ ಹೂಡಿಕೆದಾರರಿಗೆ ಸಾಲಪತ್ರ ಮಾರಿ ಹಣ ತರುವ ಡಿಬೆಂಚರ್. ಡಾಲರ್ ಬೇಕಾದವರಿಗೆ ವಿದೇಶಿ ಸಾಲ. ಒಂದೇ ಬ್ಯಾಂಕ್ ಒಂದೇ ಕಂಪನಿಗೆ ಎಷ್ಟು ಬೇಕಾದರೂ ಕೊಡುವ ಹಾಗೂ ಇಲ್ಲ. ತನ್ನ ಮೂಲ ಬಂಡವಾಳದ ಶೇ 20ರವರೆಗೆ ಮಾತ್ರ, ಒಂದು ಸಮೂಹದ ಎಲ್ಲ ಕಂಪನಿಗಳಿಗೂ ಸೇರಿ ಶೇ 25. ಅದಕ್ಕೇ ದೊಡ್ಡ ಸಾಲಗಳಲ್ಲಿ ಹತ್ತಾರು ಬ್ಯಾಂಕುಗಳ ಹೆಸರು ಒಟ್ಟಿಗೆ ಬರುವುದು.

ಇವೆಲ್ಲವನ್ನೂ ಒಂದು ಎಕ್ಸೆಲ್ ಹಾಳೆಯಲ್ಲಿ ಮೂರು ಮೂರು ತಿಂಗಳಿಗೆ ಒಂದು ಕಾಲಂ ಮಾಡಿ ಹಾಕುತ್ತಿದ್ದೆವು. ಮುಂದಿನ ಹತ್ತು ವರ್ಷದಲ್ಲಿ ಯಾವ ತ್ರೈಮಾಸಿಕದಲ್ಲಿ ಎಷ್ಟು ಅಸಲು ಕೊಡಬೇಕು ಅಂತ. ಹಣಕಾಸು ವಿಭಾಗದ ಮುಖ್ಯಸ್ಥರಾದ ನಮ್ಮ ಸಿಎಫ್ಓ ಸಾಹೇಬರು ಮೀಟಿಂಗಿಗೆ ಬಂದರೆ ಮೊದಲು ಕೇಳುತ್ತಿದ್ದದ್ದು ಆ ಹಾಳೆಯನ್ನೇ. ಒಂದೇ ಕಾಲಂನಲ್ಲಿ ಮೊತ್ತ ಗುಡ್ಡ ಬಿದ್ದಿದ್ದರೆ ಅವರ ಮುಖ ಗಂಟಾಗುತ್ತಿತ್ತು. ಆ ತಾರೀಕಿಗೆ ಇನ್ನೂ ಎರಡು ವರ್ಷ ಇದ್ದರೂ ಅಷ್ಟೇ. ಸ್ವಲ್ಪ ಭಾಗವನ್ನು ಈಗಲೇ ಮುಂಚಿತವಾಗಿ ತೀರಿಸಿ ಬೇರೆ ವರ್ಷದ ಸಾಲವಾಗಿ ಬದಲಾಯಿಸಿ ಅನ್ನುತ್ತಿದ್ದರು. ಬಡ್ಡಿ ತುಸು ಜಾಸ್ತಿ ಆದರೂ ಪರವಾಗಿಲ್ಲ. ವಾಯಿದೆಗೆ ಒಂದು ವರ್ಷ ಇರುವಾಗಲೇ ಬ್ಯಾಂಕುಗಳ ಜತೆ ಮಾತು ಶುರುವಾಗುತ್ತಿತ್ತು. ಬೇಡದಿದ್ದಾಗ ಕೇಳಿದರೆ ಬ್ಯಾಂಕಿನವರೇ ಕಾಫಿ ಕುಡಿಸುತ್ತಾರೆ. ಬೇಕಾದಾಗ ಕೇಳಿದರೆ ಫೈಲು ಹೆಡ್ ಆಫೀಸಿಗೆ ಹೋಗಿದೆ ಅನ್ನುತ್ತಾರೆ. ಇದು ಮುಂಬೈಯಲ್ಲೂ ಹಾಗೇ, ಪಿ.ಬಿ. ರಸ್ತೆಯಲ್ಲೂ ಹಾಗೇ.

ತಾರೀಕು ತಪ್ಪಿದರೆ ಏನಾಗುತ್ತದೆ ಅಂತ ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಿಲ್ಲ. 2011ರಲ್ಲಿ ಸುಪ್ರೀಂ ಕೋರ್ಟ್ ಮೊದಲು ಬಳ್ಳಾರಿಯಲ್ಲಿ, ಮುಂದಿನ ತಿಂಗಳೇ ಚಿತ್ರದುರ್ಗ, ತುಮಕೂರಿನಲ್ಲೂ ಕಬ್ಬಿಣದ ಅದಿರಿನ ಗಣಿಗಾರಿಕೆ ನಿಲ್ಲಿಸಿತು. ಆದೇಶ ಬೇಕಾಗಿತ್ತು, ಅದರ ಬಗ್ಗೆ ನನಗೆ ಅನುಮಾನ ಇಲ್ಲ. ಆದರೆ ಅದಿರು ಸಾಗಿಸಲು ಅಂತ ಫೈನಾನ್ಸಿನಲ್ಲಿ ಲಾರಿ ತೆಗೆದುಕೊಂಡವರ ಕಂತು ನಿಲ್ಲಲಿಲ್ಲ. ಪ್ರತಿ ತಿಂಗಳೂ ಅದೇ ತಾರೀಕಿಗೆ ಬರುತ್ತಿತ್ತು. ಹೈವೇ ಪಕ್ಕದಲ್ಲಿ ಸಾಲಾಗಿ ನಿಂತ ಲಾರಿಗಳನ್ನು ಆಗ ಚಿತ್ರದುರ್ಗದ ಕಡೆ ಓಡಾಡಿದವರೆಲ್ಲ ನೋಡಿದ್ದಾರೆ. ಅದೇ ಗಣಿ ನಿಂತಾಗ ಗಣಿ ಕಂಪನಿಗೂ ಆದಾಯ ನಿಂತಿತು. ಆದರೆ ದೊಡ್ಡ ಕಂಪನಿಗೆ ಬೇರೆ ರಾಜ್ಯದಲ್ಲಿ ಬೇರೆ ಗಣಿ ಇತ್ತು, ಕೈಯಲ್ಲಿ ಹಣ ಇತ್ತು, ಎತ್ತದೆ ಉಳಿಸಿಕೊಂಡ ಲಿಮಿಟ್ ಇತ್ತು. ಎರಡು ವರ್ಷ ಕಾಯುವ ಶಕ್ತಿ ಇತ್ತು. ಲಾರಿ ಮಾಲೀಕನಿಗೆ ಎರಡು ಕಂತಿನ ಶಕ್ತಿಯೂ ಇರಲಿಲ್ಲ. ಅವನ ಸಾಲ ದೊಡ್ಡದೇನಲ್ಲ. ತಾರೀಕು ಮಾತ್ರ ಅವನ ಕೈಯಲ್ಲಿ ಇರಲಿಲ್ಲ.

ದೊಡ್ಡವರೂ ಬೀಳುತ್ತಾರೆ. 2018ರ ಐಎಲ್ ಅಂಡ್ ಎಫ್ಎಸ್ ನೆನಪಿರಬೇಕು. ರಸ್ತೆ, ಸುರಂಗ, ವಿದ್ಯುತ್ ಯೋಜನೆಗಳಲ್ಲಿ ಹಣ ಹಾಕಿದ್ದ ಸಂಸ್ಥೆ. ಸಮೂಹದ ಸಾಲ ಸುಮಾರು 91,000 ಕೋಟಿ. ರಸ್ತೆಯ ಟೋಲ್ ಬರುವುದು ಹದಿನೈದು ಇಪ್ಪತ್ತು ವರ್ಷ. ಸಾಲದಲ್ಲಿ ಒಂದಷ್ಟು ಭಾಗ ತಿಂಗಳುಗಳಲ್ಲಿ ಮುಗಿಯುವ ಸಿಪಿ. ಆಗಸ್ಟ್ ತನಕ ಎಲ್ಲಕ್ಕಿಂತ ಮೇಲಿನ ಟ್ರಿಪಲ್ ಎ ರೇಟಿಂಗ್, ಸೆಪ್ಟೆಂಬರ್‌ನಲ್ಲಿ ಸಾಲ ತಪ್ಪಿಸಿದವರಿಗೆ ಕೊಡುವ ಡಿ. ಅಕ್ಟೋಬರ್ 1ಕ್ಕೆ ಸರ್ಕಾರ ಆಡಳಿತ ಮಂಡಳಿಯನ್ನೇ ಬದಲಾಯಿಸಿ ಬ್ಯಾಂಕರ್ ಉದಯ್ ಕೋಟಕ್ ಅವರನ್ನು ಕೂರಿಸಿತು. ಆ ತಿಂಗಳು ನಮ್ಮ ಆಫೀಸು ಹೇಗಿತ್ತು ಅಂತ ಈಗಲೂ ನೆನಪಿದೆ. ನಮಗೂ ಆ ಸಂಸ್ಥೆಗೂ ಯಾವ ವ್ಯವಹಾರವೂ ಇರಲಿಲ್ಲ. ಆದರೂ ದಿನಾ ಬೆಳಗ್ಗೆ ತಾವೇ ಫೋನ್ ಮಾಡಿ "ಮೇಡಂ, ಇವತ್ತು ಪೇಪರ್ ಇದೆಯಾ?" ಅಂತ ಕೇಳುತ್ತಿದ್ದ ಮ್ಯೂಚುವಲ್ ಫಂಡ್ ಡೀಲರ್‌ಗಳು ಫೋನ್ ಎತ್ತುವುದನ್ನೇ ನಿಲ್ಲಿಸಿದರು. ಅವರಿಗೂ ಹೂಡಿಕೆದಾರರು ಹಣ ವಾಪಸ್ ಕೇಳುತ್ತಿದ್ದರು, ಪಾಪ. ನಮ್ಮ ಸಿಪಿ ವಾಯಿದೆಗೆ ಬಂದಾಗ ಹೊಸ ಸಿಪಿ ಕೊಳ್ಳುವವರಿಲ್ಲ. ಬ್ಯಾಂಕಿನಲ್ಲಿ ಖಾಲಿ ಇಟ್ಟಿದ್ದ ಲಿಮಿಟ್‌ನಿಂದ ಎತ್ತಿ ಕೊಟ್ಟೆವು. ಬಳಸದ ಲಿಮಿಟ್‌ಗೂ ಬ್ಯಾಂಕಿಗೆ ಶುಲ್ಕ ಯಾಕೆ ಕಟ್ಟುತ್ತೀರಿ ಅಂತ ಆಡಿಟ್‌ನವರು ಪ್ರತಿ ವರ್ಷ ಕೇಳುತ್ತಿದ್ದರು. ಆ ವರ್ಷ ಕೇಳಲಿಲ್ಲ.

ಚಿತ್ರದುರ್ಗದ ಜೋಗಿಮಟ್ಟಿ ಕಡೆ ಗುಡ್ಡದ ಮೇಲೆ ಗಾಳಿಯಂತ್ರಗಳು ತಿರುಗುವುದನ್ನು ನೋಡಿದಾಗಲೆಲ್ಲ ನನಗೆ ಸುಜ್ಲಾನ್ ಕಥೆ ನೆನಪಾಗುತ್ತದೆ. ಆ ಯಂತ್ರಗಳು ಯಾರವು ಅನ್ನುವುದು ಇಲ್ಲಿ ಮುಖ್ಯ ಅಲ್ಲ. ಗಾಳಿಯಂತ್ರ ತಯಾರಿಸುವ ಈ ಕಂಪನಿ ಯುರೋಪಿನಲ್ಲಿ ದೊಡ್ಡ ದೊಡ್ಡ ಖರೀದಿ ಮಾಡಿತು. 2006ರಲ್ಲಿ ಬೆಲ್ಜಿಯಂನ ಹ್ಯಾನ್ಸನ್, 2007ರಲ್ಲಿ ಜರ್ಮನಿಯ ರೀಪವರ್. 2007ರಲ್ಲೇ ವಿದೇಶದಲ್ಲಿ ಡಾಲರ್ ಬಾಂಡ್, ಅಂದರೆ ಡಾಲರ್ ಸಾಲಪತ್ರ, ಬಿಟ್ಟಿತು. ಅದರ ಮಜಾ ಏನೆಂದರೆ, ಷೇರಿನ ಬೆಲೆ ಏರಿದರೆ ಸಾಲ ಕೊಟ್ಟವರು ಹಣದ ಬದಲು ಷೇರನ್ನೇ ತೆಗೆದುಕೊಳ್ಳಬಹುದು. ಸಾಲ ತೀರಿಸುವ ಚಿಂತೆಯೇ ಇಲ್ಲ. 2008ರ ಜನವರಿಯಲ್ಲಿ ಷೇರು 400 ರೂಪಾಯಿ ದಾಟಿತ್ತು. ಎಲ್ಲರೂ ಷೇರೇ ತಗೊಳ್ತಾರೆ ಅಂದುಕೊಂಡಿರಬೇಕು. 2012ರಲ್ಲಿ ವಾಯಿದೆ ಬಂದಾಗ ಷೇರು 20 ರೂಪಾಯಿಯ ಒಳಗೆ ಇತ್ತು. ಡಾಲರ್ 2007ರ ಕೊನೆಗೆ 40 ರೂಪಾಯಿಯ ಆಸುಪಾಸು ಇದ್ದದ್ದು 53ಕ್ಕೆ ಹೋಗಿತ್ತು. ಅಂದರೆ ಡಾಲರ್ ಲೆಕ್ಕದಲ್ಲಿ ಅಷ್ಟೇ ಇದ್ದ ಸಾಲ ರೂಪಾಯಿ ಲೆಕ್ಕದಲ್ಲಿ ಮೂರನೇ ಒಂದು ಭಾಗ ಬೆಳೆದಿತ್ತು. ಆ ಅಕ್ಟೋಬರ್‌ನಲ್ಲಿ ಸುಮಾರು 20.9 ಕೋಟಿ ಡಾಲರ್ ಕೊಡಲಾಗದೆ ಕಂಪನಿ ಕೈಚೆಲ್ಲಿತು. ಆಮೇಲೆ ಬ್ಯಾಂಕುಗಳು ಸಾಲದ ಷರತ್ತು ಬದಲಾಯಿಸಿದವು. 2015ರಲ್ಲಿ ರೀಪವರ್ ಅನ್ನು ಮಾರಿದರು, ಆಗ ಅದರ ಹೆಸರು ಸೆನ್ವಿಯಾನ್. 2020ರಲ್ಲಿ ಇನ್ನೊಮ್ಮೆ ಸಾಲದ ಪುನರ್‌ರಚನೆ. 2023ರಲ್ಲಿ ಹೊಸ ಷೇರು ಮಾರಿ 2,000 ಕೋಟಿ ಎತ್ತಿದ ಮೇಲೆ ಸಾಲದ ಹೊರೆ ಹೆಚ್ಚುಕಡಿಮೆ ಪೂರ್ತಿ ಇಳಿಯಿತು. ಯಂತ್ರಕ್ಕೆ ಬೇಡಿಕೆ ಇರಲಿಲ್ಲ ಅಂತಲ್ಲ. ರೂಪಾಯಿಯಲ್ಲಿ ಗಳಿಸಿ ಡಾಲರ್‌ನಲ್ಲಿ ಕೊಡುವವರು ಪಡುವ ಪಾಡು ಇದು. ಹೆಡ್ಜಿಂಗ್ ಅಂತ ಮಾಡಿ, ಮುಂದಿನ ಡಾಲರ್ ದರವನ್ನು ಇವತ್ತೇ ಬ್ಯಾಂಕಿನ ಜತೆ ಗೊತ್ತು ಮಾಡಿಕೊಳ್ಳಬಹುದು. ಅದಕ್ಕೂ ಖರ್ಚಿದೆ. ಆ ಖರ್ಚು ಸೇರಿಸಿ ನೋಡಿದರೆ ಅಗ್ಗ ಅನ್ನಿಸಿದ ಡಾಲರ್ ಸಾಲ ಎಷ್ಟೋ ಸಲ ನಮ್ಮ ಬ್ಯಾಂಕಿನ ಸಾಲದಷ್ಟೇ ಆಗುತ್ತದೆ.

"ಹಂಗಾದ್ರೆ ಸಾಲ ಇಲ್ಲದ ಕಂಪನಿ ನೋಡಿ ಷೇರು ತಗೋಬೇಕು" ಅಂದರು ಮಾವ. 2020ರಲ್ಲಿ ರಿಲಯನ್ಸ್ ಸಾಲಮುಕ್ತ ಆಯಿತು ಅಂತ ಪೇಪರಿನಲ್ಲಿ ಬಂದದ್ದು ಅವರಿಗೆ ನೆನಪಿತ್ತು. ಅದರಲ್ಲಿ ನಿವ್ವಳ ಅನ್ನುವ ಮಾತು ಎಷ್ಟೋ ಜನರ ಕಣ್ಣು ತಪ್ಪಿಸಿತ್ತು. ಆ ವರ್ಷದ ಮಾರ್ಚ್ 31ಕ್ಕೆ ಅವರ ಒಟ್ಟು ಸಾಲ 3,36,294 ಕೋಟಿ. ಕೈಯಲ್ಲಿದ್ದ ಹಣ 1,75,259 ಕೋಟಿ. ಕಳೆದರೆ ನಿವ್ವಳ 1,61,035 ಕೋಟಿ. ಜಿಯೋದಲ್ಲಿ ಪಾಲು ಮಾರಿ, ಇದ್ದ ಷೇರುದಾರರಿಗೇ ಹೊಸದಾಗಿ ಮಾರುವ ರೈಟ್ಸ್ ಷೇರು ಬಿಟ್ಟು 1,68,818 ಕೋಟಿ ಒಟ್ಟು ಮಾಡಿದರು, ಅದೂ ಲಾಕ್‌ಡೌನ್ ಮಧ್ಯೆ, ಎರಡು ತಿಂಗಳಲ್ಲಿ. ರೈಟ್ಸ್ ಹಣದಲ್ಲಿ ಕಾಲು ಭಾಗ ಮಾತ್ರ ಆಗ ಬಂದದ್ದು, ಮಿಕ್ಕಿದ್ದು ಆಮೇಲೆ ಕಂತಿನಲ್ಲಿ. ಲೆಕ್ಕದಲ್ಲಿ ನಿವ್ವಳ ಸಾಲ ಹೋಯಿತು. ಹಾಗಂತ ಎಲ್ಲ ಬ್ಯಾಂಕಿಗೂ ಹೋಗಿ ಅಸಲು ಕಟ್ಟಿ ಬಂದರು ಅಂತ ಅರ್ಥ ಅಲ್ಲ. ಕಟ್ಟಬೇಕಾಗಿಯೂ ಇರಲಿಲ್ಲ. ಅಗ್ಗದ, ದೂರದ ವಾಯಿದೆಯ ಸಾಲವನ್ನು ಯಾರು ಬಿಡುತ್ತಾರೆ? ಆ ಎರಡು ತಿಂಗಳ ಕೆಲಸವನ್ನು ನಾನು ಮಾತ್ರ ಬಾಯಿ ಬಿಟ್ಟುಕೊಂಡು ನೋಡಿದ್ದೆ. ಮಾರುವ ವಸ್ತು ಕೈಯಲ್ಲಿದ್ದಾಗಲೇ, ಯಾರೂ ಒತ್ತಾಯ ಮಾಡದಿದ್ದಾಗಲೇ ಮಾರಿದರು.

ಇನ್ನೊಂದು ವಿಷಯ. ಕಂಪನಿಯ ಸಾಲ ನೋಡಿದರೆ ಸಾಲದು, ಅದರ ಒಡೆಯರ ಸಾಲವನ್ನೂ ನೋಡಬೇಕು. ಚಿತ್ರದುರ್ಗದಲ್ಲಿ ಅದಿರು ತೆಗೆಯುವ ವೇದಾಂತದ್ದೇ ಉದಾಹರಣೆ. ಇಲ್ಲಿ ಷೇರು ಪೇಟೆಯಲ್ಲಿರುವ ಕಂಪನಿ ಬೇರೆ, ಅದರ ಮೇಲಿರುವ ಲಂಡನ್ ಮೂಲದ ವೇದಾಂತ ರಿಸೋರ್ಸಸ್ ಬೇರೆ. ಮೇಲಿನ ಕಂಪನಿಗೆ ಬಾಂಡ್ ಸಾಲ ಇದೆ. ಅದಕ್ಕೆ ಆದಾಯ ಅಂದರೆ ಮುಖ್ಯವಾಗಿ ಕೆಳಗಿನ ಕಂಪನಿ ಲಾಭದಲ್ಲಿ ಹಂಚುವ ಡಿವಿಡೆಂಡ್ ಮತ್ತು ಹೆಸರು ಬಳಸಿದ್ದಕ್ಕೆ ಕೊಡುವ ಬ್ರ್ಯಾಂಡ್ ಶುಲ್ಕ. 2022-23ರಲ್ಲಿ ಇಲ್ಲಿನ ಕಂಪನಿ ಷೇರಿಗೆ 101.50 ರೂಪಾಯಿ ಡಿವಿಡೆಂಡ್ ಹಂಚಿತು. ನಮ್ಮೂರಲ್ಲಿ ಷೇರು ಇಟ್ಟುಕೊಂಡವರೆಲ್ಲ ಖುಷಿಪಟ್ಟರು. ಮೇಲಿನವರ ವಾಯಿದೆ ಹತ್ತಿರ ಬರುತ್ತಿತ್ತು ಅನ್ನುವುದನ್ನೂ ಅದರ ಜತೆಗೇ ಓದಿಕೊಳ್ಳಬೇಕಿತ್ತು. 2024ರ ಜನವರಿಯಲ್ಲಿ ಅವರು 320 ಕೋಟಿ ಡಾಲರ್ ಬಾಂಡ್‌ಗಳ ಗಡುವನ್ನು ಮುಂದಕ್ಕೆ ಹಾಕಿಸಿಕೊಂಡರು, ಶೇ 13.875ರಷ್ಟು ಬಡ್ಡಿ ಕೊಡಲು ಒಪ್ಪಿ. ಮಾವನ ಸಿಸಿಗೆ ಅಷ್ಟು ಬಡ್ಡಿ ಇಲ್ಲ! ಸಮಯ ಕೊಂಡುಕೊಳ್ಳುವ ಬೆಲೆ ಅದು.

ಈಗ ನನಗೆ ಸಿಟ್ಟು ಬರುವ ವಿಷಯಕ್ಕೆ ಬರುತ್ತೇನೆ. ಯಾವ ಪೇಪರಿನ ಸಾಲದ ಅಂಕಿಯಲ್ಲೂ ಬಾರದ ಒಂದು ಸಾಲ ಇದೆ. ಬ್ಯಾಲೆನ್ಸ್ ಶೀಟಿನಲ್ಲಿ ಟ್ರೇಡ್ ಪೇಯಬಲ್ಸ್ ಅಂತ ಇರುತ್ತದೆ. ಮಾಲು ಕೊಟ್ಟವರಿಗೆ ಇನ್ನೂ ಕೊಡದ ಹಣ.

ಹರಿಹರದಲ್ಲಿ ನನ್ನ ಒಬ್ಬ ಕ್ಲೈಂಟ್ ಇದ್ದಾರೆ. ಹಿಂದೆ ಕಿರ್ಲೋಸ್ಕರ್ ಇದ್ದ ಕಾಲದಲ್ಲಿ ಕೆಲಸ ಕಲಿತ ಕೈ. ನಾಲ್ಕು ಲೇತ್, ಕಂಪ್ಯೂಟರಿನಿಂದ ನಡೆಯುವ ಒಂದು ಸಿಎನ್‌ಸಿ ಯಂತ್ರ. ಒಂದು ದೊಡ್ಡ ಕಂಪನಿಗೆ ಬಿಡಿಭಾಗ ಮಾಡಿಕೊಡುತ್ತಾರೆ. ಬಿಲ್ ಹಾಕಿ ಮೂರು ತಿಂಗಳು, ಕೆಲವು ಸಲ ಇನ್ನೂ ಜಾಸ್ತಿ ಆದ ಮೇಲೆ ಹಣ ಬರುತ್ತದೆ. ಅಲ್ಲಿಯವರೆಗೆ ಕಬ್ಬಿಣದ ಹಣ, ಕರೆಂಟ್ ಬಿಲ್ಲು, ಹುಡುಗರ ಸಂಬಳ ಎಲ್ಲ ಇವರ ಸಿಸಿಯಿಂದ. ಅವರ ಸಿಸಿ ಬಡ್ಡಿ ಶೇ 10ರ ಮೇಲೆ. ಮನೆ ಪತ್ರ ಅಡಮಾನ. ಅತ್ತ ಆ ದೊಡ್ಡ ಕಂಪನಿ ಅಡಮಾನವೇ ಇಲ್ಲದೆ ಶೇ 7ರ ಆಸುಪಾಸಿನಲ್ಲಿ ಸಿಪಿ ಎತ್ತುತ್ತದೆ. ಅಂದರೆ ಕಡಿಮೆ ಬಡ್ಡಿಗೆ ಸಾಲ ಸಿಗುವವನಿಗೆ ಜಾಸ್ತಿ ಬಡ್ಡಿ ಕಟ್ಟುವವನು ಬಡ್ಡಿ ಇಲ್ಲದ ಸಾಲ ಕೊಡುತ್ತಿದ್ದಾನೆ. ನಮ್ಮ ಟ್ರೆಷರಿಯಲ್ಲಿ ಇದನ್ನು "ವರ್ಕಿಂಗ್ ಕ್ಯಾಪಿಟಲ್ ಸುಧಾರಣೆ" ಅಂತ ಕರೆಯುತ್ತಿದ್ದರು. ಮಾರ್ಚ್ ಕೊನೆಯ ವಾರ ವೆಂಡರ್ ಪೇಮೆಂಟ್ ಹಿಡಿದಿಟ್ಟರೆ 31ನೇ ತಾರೀಕು ಕೈಯಲ್ಲಿ ಹಣ ಜಾಸ್ತಿ ಕಾಣುತ್ತದೆ, ನಿವ್ವಳ ಸಾಲ ಕಡಿಮೆ ಕಾಣುತ್ತದೆ. ಬ್ಯಾಂಕಿನ ಜತೆ ಮಾಡಿಕೊಂಡ ಷರತ್ತಿನ ಅನುಪಾತಗಳೂ ಚೆನ್ನಾಗಿ ಕೂರುತ್ತವೆ. ಏಪ್ರಿಲ್ ಮೊದಲ ವಾರ ಎಲ್ಲರಿಗೂ ಹಣ ಹೋಗುತ್ತದೆ.

ಕಾನೂನು ಇಲ್ಲ ಅಂತಲ್ಲ. ಸಣ್ಣ ಉದ್ದಿಮೆಗಳಿಗಾಗಿ ಇರುವ 2006ರ ಎಂಎಸ್ಎಂಇ ಕಾಯ್ದೆ ಪ್ರಕಾರ ಒಪ್ಪಂದ ಇದ್ದರೂ 45 ದಿನ ಮೀರುವ ಹಾಗಿಲ್ಲ. ಮೀರಿದರೆ ರಿಸರ್ವ್ ಬ್ಯಾಂಕ್ ಗೊತ್ತು ಮಾಡಿದ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ಆ ಬಡ್ಡಿಯನ್ನು ಕೇಳಿ ಗಿರಾಕಿಯನ್ನು ಕಳೆದುಕೊಳ್ಳುವ ಧೈರ್ಯ ಯಾರಿಗಿದೆ? 2024ರಿಂದ ಆದಾಯ ತೆರಿಗೆಯ 43ಬಿ(ಎಚ್) ಅನ್ನುವ ನಿಯಮ ಬಂದ ಮೇಲೆ ಸ್ವಲ್ಪ ಬಿಸಿ ಮುಟ್ಟಿದೆ. ಸಣ್ಣ ಘಟಕಗಳಿಗೆ ಗಡುವಿನೊಳಗೆ ಕೊಡದಿದ್ದರೆ ಆ ಖರ್ಚನ್ನು ಆ ವರ್ಷ ತೆರಿಗೆ ಲೆಕ್ಕದಲ್ಲಿ ಕಳೆಯಲು ಬಿಡುವುದಿಲ್ಲ, ಕೊಟ್ಟ ವರ್ಷವೇ ಕಳೆಯಬೇಕು. ಅದಕ್ಕೆ ಕೆಲವರು ಕಂಡುಕೊಂಡ ದಾರಿ ನೋಡಿ: "ನಿಮ್ಮ ಉದ್ಯಮ್ ನೋಂದಣಿ ರದ್ದು ಮಾಡಿಸಿ, ಆರ್ಡರ್ ಕೊಡ್ತೀವಿ." ಸಣ್ಣ ಘಟಕ ಅಂತ ಸರ್ಕಾರದಲ್ಲಿ ಮಾಡಿಸುವ ನೋಂದಣಿ ಅದು. ಇದನ್ನು ನನ್ನ ಮುಂದೆಯೇ ಸ್ಪೀಕರ್ ಫೋನಿನಲ್ಲಿ ಹೇಳಿದ್ದಾರೆ.

ಈ ಲೇತ್ ಶಾಪಿನವರಿಗೆ ಟ್ರೆಡ್ಸ್‌ನಲ್ಲಿ ನೋಂದಣಿ ಮಾಡಿಸಿದ್ದೇನೆ. ಬಾಕಿ ಬಿಲ್ಲಿನ ಮೇಲೆ ಬ್ಯಾಂಕಿನಿಂದ ಮೊದಲೇ ಹಣ ಕೊಡಿಸುವ ಆನ್‌ಲೈನ್ ವೇದಿಕೆ ಅದು. 250 ಕೋಟಿಗಿಂತ ಜಾಸ್ತಿ ವಹಿವಾಟಿನ ಕಂಪನಿಗಳು ಅದರಲ್ಲಿ ಸೇರಲೇಬೇಕು ಅಂತ ಈಗ ನಿಯಮ ಇದೆ. ಬಿಲ್ಲನ್ನು ಅಲ್ಲಿ ಹಾಕಬೇಕು, ಕೊಂಡ ಕಂಪನಿ ಹೌದು ಅಂತ ಒಪ್ಪಬೇಕು. ಒಪ್ಪಿದ ಮೇಲೆ ಬ್ಯಾಂಕುಗಳು ಆ ಬಿಲ್ಲಿಗೆ ಹರಾಜು ಕೂಗುತ್ತವೆ. ಬಡ್ಡಿ ನಿಗದಿಯಾಗುವುದು ಕೊಂಡ ಕಂಪನಿಯ ರೇಟಿಂಗ್ ನೋಡಿ, ನಮ್ಮ ಲೇತ್ ಶಾಪಿನದು ನೋಡಿ ಅಲ್ಲ. ಒಂದೆರಡು ದಿನದಲ್ಲಿ ಹಣ ಖಾತೆಗೆ ಬರುತ್ತದೆ. ಕಂಪನಿ ವಾಯಿದೆಗೆ ಕೊಡದಿದ್ದರೆ ಬ್ಯಾಂಕಿನವರು ಇವರ ಬಾಗಿಲಿಗೆ ಬರುವಂತಿಲ್ಲ. ನೋಂದಣಿ ಮಾಡಿಕೊಳ್ಳುವುದು ಕಡ್ಡಾಯ, ಬಿಲ್ಲು ಒಪ್ಪುವುದು ಕಡ್ಡಾಯ ಅಲ್ಲ, ತೊಂದರೆ ಇರುವುದು ಅಲ್ಲಿ. ಇವರ ಮೊದಲ ಬಿಲ್ಲು ಹಾಕಿದ್ದೇವೆ. ಖರೀದಿ ವಿಭಾಗದವರು ಫೈನಾನ್ಸಿಗೆ ಕಳಿಸಿದ್ದೇವೆ ಅನ್ನುತ್ತಾರೆ. ಫೈನಾನ್ಸಿನವರು ಸಿಸ್ಟಮ್‌ನಲ್ಲಿ ಇನ್ನೂ ಬಂದಿಲ್ಲ ಅನ್ನುತ್ತಾರೆ. ಆ ಉತ್ತರ ಎಲ್ಲಿ ತಯಾರಾಗುತ್ತದೆ ಅಂತ ನನಗೆ ಗೊತ್ತು. ಸೋಮವಾರ ಅವರ ಟ್ರೆಷರಿಗೇ ನೇರವಾಗಿ ಫೋನ್ ಮಾಡುವವಳಿದ್ದೇನೆ.